ಕರ್ನಾಟಕದಲ್ಲಿ ನಗರ ನೀರು ಸರಬರಾಜಿನ ಖಾಸಗೀಕರಣ

ಕರ್ನಾಟಕದಲ್ಲಿ ನಗರ ನೀರು ಸರಬರಾಜಿನ ಖಾಸಗೀಕರಣ ಎಂದರೆ ನಗರ ಸ್ಥಳೀಯ ಸಂಸ್ಥೆಗಳು ಅಥವಾ ಸರ್ಕಾರಿ ಮಂಡಳಿಗಳು ನಡೆಸಿಕೊಂಡು ಬಂದ ಕುಡಿಯುವ ನೀರಿನ ಸೇವೆಯನ್ನು ಪೂರ್ಣವಾಗಿ ಅಥವಾ ಭಾಗಶಃ ಖಾಸಗಿ ಕಂಪನಿಗಳಿಗೆ ಗುತ್ತಿಗೆಯ ಮೂಲಕ ವಹಿಸಿಕೊಡುವ ಪ್ರಕ್ರಿಯೆ. ರಾಜ್ಯದಲ್ಲಿ ಇದರ ಮೊದಲ ದೊಡ್ಡ ಪ್ರಯೋಗವು 2004ರಲ್ಲಿ ಮಂಜೂರಾದ ವಿಶ್ವಬ್ಯಾಂಕ್ ಸಾಲದ ನೆರವಿನಿಂದ ಹುಬ್ಬಳ್ಳಿ–ಧಾರವಾಡ, ಬೆಳಗಾವಿ ಮತ್ತು ಕಲಬುರಗಿ ನಗರಗಳ ಆಯ್ದ ಬಡಾವಣೆಗಳಲ್ಲಿ ನಡೆಯಿತು. ಮೈಸೂರು ಮತ್ತು ಬೆಂಗಳೂರಿನ ಹೊರವಲಯದಲ್ಲಿಯೂ ಬೇರೆ ಬೇರೆ ರೂಪಗಳಲ್ಲಿ ಇಂತಹ ಯತ್ನಗಳಾದವು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಯಂತಹ ಪಟ್ಟಣಗಳಿಗೆ ಬಹುರಾಷ್ಟ್ರೀಯ ಕಂಪನಿಗಳು ಬರಲಿಲ್ಲ. ಅಲ್ಲಿ ಖಾಸಗಿ ನೀರು ಬಂದದ್ದು ಕ್ಯಾನು ಮತ್ತು ಟ್ಯಾಂಕರುಗಳ ರೂಪದಲ್ಲಿ.

ಕರ್ನಾಟಕದ ಯಾವ ನಗರದಲ್ಲಿಯೂ ನೀರಿನ ಅಥವಾ ಕೊಳವೆ ಜಾಲದ ಒಡೆತನ ಖಾಸಗಿಯವರಿಗೆ ಹೋಗಿಲ್ಲ. ವಹಿಸಿಕೊಟ್ಟಿರುವುದು ಜಾಲದ ನಿರ್ಮಾಣ, ಉಸ್ತುವಾರಿ, ಮೀಟರ್ ಓದುವಿಕೆ, ಬಿಲ್ ವಿತರಣೆ ಮುಂತಾದ ಕೆಲಸಗಳನ್ನು. ಈ ಕಾರಣದಿಂದ ಸರ್ಕಾರವು "ಖಾಸಗೀಕರಣ" ಎಂಬ ಪದವನ್ನು ಒಪ್ಪದೆ "ಖಾಸಗಿ ಸಹಭಾಗಿತ್ವ" ಎನ್ನುತ್ತದೆ. ವಿರೋಧಿಸುವವರು ಮೊದಲ ಪದವನ್ನೇ ಬಳಸುತ್ತಾರೆ. ವಾಸ್ತವದಲ್ಲಿ ಈ ಪದಗಳಿಗಿಂತ ಗುತ್ತಿಗೆಯ ಷರತ್ತುಗಳೇ ಮುಖ್ಯ: ನೀರು ಬಾರದಿದ್ದಾಗ ಯಾರು ಹೊಣೆ, ದರವನ್ನು ಯಾರು ನಿಗದಿಪಡಿಸುತ್ತಾರೆ, ಬಾಕಿ ಉಳಿಸಿಕೊಂಡ ಮನೆಯ ನಲ್ಲಿಯನ್ನು ಯಾರು ಕಡಿತಗೊಳಿಸುತ್ತಾರೆ ಎಂಬುದೆಲ್ಲ ಅಲ್ಲಿಯೇ ನಿರ್ಧಾರವಾಗುತ್ತದೆ.

ಹಿನ್ನೆಲೆ

1992ರ ಸಂವಿಧಾನದ 74ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯನ್ನು ಸೇರಿಸಿ, ಗೃಹಬಳಕೆ, ಕೈಗಾರಿಕೆ ಮತ್ತು ವಾಣಿಜ್ಯ ಉದ್ದೇಶಗಳ ನೀರು ಸರಬರಾಜನ್ನು ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕಾರ್ಯಗಳ ಪಟ್ಟಿಯಲ್ಲಿ ಇರಿಸಿತು. ಕರ್ನಾಟಕದಲ್ಲಿ ಅದಕ್ಕೂ ಮೊದಲೇ ಎರಡು ಮಂಡಳಿಗಳು ಇದ್ದವು. ಬೆಂಗಳೂರಿಗೆ 1964ರಲ್ಲಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಸ್ಥಾಪನೆಯಾಯಿತು. ಉಳಿದ ನಗರ, ಪಟ್ಟಣಗಳಿಗಾಗಿ 1973ರ ಅಧಿನಿಯಮದಡಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ರೂಪುಗೊಂಡಿತು. ಉತ್ತರ ಕರ್ನಾಟಕದ ಜನರು ಎರಡನೆಯದನ್ನು "ಜಲಮಂಡಳಿ" ಎಂದೇ ಕರೆಯುತ್ತಾರೆ. ಮಂಡಳಿಯು ಯೋಜನೆಗಳನ್ನು ನಿರ್ಮಿಸುವುದು, ಪೂರ್ಣಗೊಂಡ ಬಳಿಕ ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸುವುದು ಸಾಮಾನ್ಯ ಪದ್ಧತಿ. ಹುಬ್ಬಳ್ಳಿ–ಧಾರವಾಡದಂತಹ ಕೆಲವು ನಗರಗಳಲ್ಲಿ ಮಾತ್ರ ನಿರ್ವಹಣೆಯೂ ದೀರ್ಘಕಾಲ ಮಂಡಳಿಯ ಕೈಯಲ್ಲಿಯೇ ಇತ್ತು.

1990ರ ದಶಕದ ಆರ್ಥಿಕ ಉದಾರೀಕರಣದ ನಂತರ ನೀರಿನ ಕ್ಷೇತ್ರಕ್ಕೂ ಖಾಸಗಿ ಬಂಡವಾಳ ತರುವ ಮಾತು ಕೇಳಿಬಂತು. 2002ರ ರಾಷ್ಟ್ರೀಯ ಜಲನೀತಿಯು ಜಲಸಂಪನ್ಮೂಲ ಯೋಜನೆಗಳಲ್ಲಿ ಖಾಸಗಿ ಕ್ಷೇತ್ರದ ಭಾಗವಹಿಸುವಿಕೆಯನ್ನು ಸ್ಪಷ್ಟವಾಗಿ ಉತ್ತೇಜಿಸಿತು. ಜಗತ್ತಿನ ಅನುಭವ ಆ ವೇಳೆಗಾಗಲೇ ಎರಡು ದಿಕ್ಕಿನಲ್ಲಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್ 1989ರಲ್ಲಿ ನೀರಿನ ಸಂಸ್ಥೆಗಳನ್ನು ಆಸ್ತಿ ಸಮೇತ ಖಾಸಗಿಯವರಿಗೆ ಮಾರಿದ್ದವು. ಬೊಲಿವಿಯಾದ ಕೊಚಬಾಂಬಾ ನಗರದಲ್ಲಿ ಖಾಸಗಿ ಒಕ್ಕೂಟವು ದರ ಏರಿಸಿದ್ದರಿಂದ 2000ದಲ್ಲಿ ಜನ ಬೀದಿಗಿಳಿದು, ಸರ್ಕಾರವು ಒಪ್ಪಂದವನ್ನೇ ರದ್ದುಪಡಿಸಬೇಕಾಯಿತು. ಈ ಎರಡನೆಯ ಘಟನೆಯ ಹೆಸರು ಕರ್ನಾಟಕದ ಹೋರಾಟಗಾರರ ಕರಪತ್ರಗಳಿಗೂ ತಲುಪಿತು. ಬಹುಶಃ ಆಸ್ತಿ ಮಾರಾಟದ ಪ್ರಸ್ತಾಪ ಇಲ್ಲಿ ಗಂಭೀರವಾಗಿ ಬಾರದಿರಲು ಇಂತಹ ಉದಾಹರಣೆಗಳೂ ಒಂದು ಕಾರಣ.

ಬಿಟ್ಟು ಬಿಟ್ಟು ಬರುವ ನೀರಿನ ಸಮಸ್ಯೆ

ಈ ಪ್ರಯೋಗಗಳ ಉದ್ದೇಶವನ್ನು ಅರಿಯಲು ಕೊಳವೆಯೊಳಗೆ ಏನಾಗುತ್ತದೆ ಎಂಬುದನ್ನು ತಿಳಿಯಬೇಕು. ಭಾರತದ ಬಹುತೇಕ ನಗರಗಳಲ್ಲಿ ಕೊಳವೆಗಳು ದಿನದ ಹೆಚ್ಚಿನ ಹೊತ್ತು ಖಾಲಿಯಾಗಿರುತ್ತವೆ. ಸರದಿ ಬಂದಾಗ ವಾಲ್ವ್‌ಮನ್ ಬೀದಿಯ ಗುಂಡಿಯಲ್ಲಿರುವ ಕವಾಟವನ್ನು ತಿರುಗಿಸುತ್ತಾನೆ. ಒಂದು ಬಡಾವಣೆಗೆ ಕೆಲವು ಗಂಟೆ ನೀರು ಹರಿದು, ಬಳಿಕ ಇನ್ನೊಂದು ಬಡಾವಣೆಯ ಸರದಿ ಬರುತ್ತದೆ. ನೀರು ನಿಂತಾಗ ಕೊಳವೆಯೊಳಗಿನ ಒತ್ತಡ ಇಳಿದು, ಬಿರುಕು ಹಾಗೂ ಸಡಿಲ ಜೋಡಣೆಗಳ ಮೂಲಕ ಸುತ್ತಲಿನ ಕೊಳಚೆ ನೀರು ಒಳಸೇರುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲು ಬರುವುದು ಆ ಕೆಂಪು ಅಥವಾ ಕಪ್ಪು ನೀರು. ಪದೇ ಪದೇ ತುಂಬಿ ಖಾಲಿಯಾಗುವುದರಿಂದ ಕೊಳವೆಗಳೂ ಬೇಗ ಶಿಥಿಲವಾಗುತ್ತವೆ. ಮನೆಯವರು ಸಂಪು, ಡ್ರಮ್ಮು, ಕೊಡಗಳಲ್ಲಿ ನೀರು ತುಂಬಿಟ್ಟುಕೊಳ್ಳುತ್ತಾರೆ. ಮುಂದಿನ ಸರದಿಯಲ್ಲಿ ಹೊಸ ನೀರು ಬಂದೊಡನೆ ಹಳೆಯದನ್ನು ಚೆಲ್ಲುವುದೂ ಉಂಟು. ಮೋಟರ್ ಇಟ್ಟು ನೇರವಾಗಿ ಕೊಳವೆಯಿಂದ ಎಳೆಯುವ ಮನೆಗಳ ನೆರೆಯವರಿಗೆ ನಲ್ಲಿಯಲ್ಲಿ ಗಾಳಿಯ ಸದ್ದು ಮಾತ್ರ.

ಈ ವ್ಯವಸ್ಥೆಯ ಬೆಲೆಯನ್ನು ಹೆಚ್ಚಾಗಿ ತೆರುವವರು ಮಹಿಳೆಯರು. ನೀರು ರಾತ್ರಿ ಎರಡು ಗಂಟೆಗೆ ಬರುತ್ತದೆಂದರೆ ಎಚ್ಚರವಿರುವವರು ಅವರೇ, ನಲ್ಲಿಯ ಸರದಿ ತಪ್ಪಬಾರದೆಂದು ಅಂದಿನ ಕೂಲಿ ಬಿಡುವವರೂ ಅವರೇ. ಸರ್ಕಾರದ ಲೆಕ್ಕಪತ್ರಗಳಲ್ಲಿ ಇದು ನೀರಿನ ವೆಚ್ಚವಾಗಿ ದಾಖಲಾಗುವುದಿಲ್ಲ.

24×7 ಪೂರೈಕೆಯ ವಾದ ಇಲ್ಲಿಂದ ಹುಟ್ಟುತ್ತದೆ. ಕೊಳವೆಯು ಸದಾ ಒತ್ತಡದಲ್ಲಿ ತುಂಬಿದ್ದರೆ ಹೊರಗಿನ ಕೊಳಕು ಒಳಗೆ ಬರಲಾರದು, ಸೋರಿಕೆಯನ್ನು ಪತ್ತೆಹಚ್ಚಬಹುದು, ಮೀಟರ್ ಸರಿಯಾಗಿ ಕೆಲಸ ಮಾಡುತ್ತದೆ, ಜನ ನೀರು ಕೂಡಿಡುವುದನ್ನು ಬಿಡುತ್ತಾರೆ ಎಂಬುದು ಅದರ ತಿರುಳು.

ಹುಬ್ಬಳ್ಳಿ–ಧಾರವಾಡದ ಪ್ರಾತ್ಯಕ್ಷಿಕೆ ವಲಯಗಳು

ಕರ್ನಾಟಕ ನಗರ ನೀರು ಸರಬರಾಜು ಸುಧಾರಣಾ ಯೋಜನೆಗೆ ವಿಶ್ವಬ್ಯಾಂಕ್ 2004ರಲ್ಲಿ 3.95 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮವು ಇದರ ಅನುಷ್ಠಾನದ ಹೊಣೆ ಹೊತ್ತಿತು. ಮೂರು ನಗರಗಳಲ್ಲಿ ಒಟ್ಟು ಐದು ಪ್ರಾತ್ಯಕ್ಷಿಕೆ ವಲಯಗಳನ್ನು ಆರಿಸಲಾಯಿತು: ಹುಬ್ಬಳ್ಳಿ ಮತ್ತು ಧಾರವಾಡದಲ್ಲಿ ಒಂದೊಂದು, ಬೆಳಗಾವಿಯಲ್ಲಿ ಎರಡು, ಕಲಬುರಗಿಯಲ್ಲಿ ಒಂದು. ಇವು ಆ ನಗರಗಳ ಜನಸಂಖ್ಯೆಯ ಸುಮಾರು ಹತ್ತನೆಯ ಒಂದು ಭಾಗವನ್ನು ಒಳಗೊಂಡಿದ್ದವು. ಫ್ರಾನ್ಸ್ ಮೂಲದ ವಿಯೋಲಿಯಾ ಸಮೂಹದ ಕಂಪನಿಯನ್ನು ನಿರ್ವಾಹಕನಾಗಿ ನೇಮಿಸಲಾಯಿತು. ಇದು ನಿರ್ವಹಣಾ ಗುತ್ತಿಗೆಯಾಗಿತ್ತು: ಬಂಡವಾಳ ಸರ್ಕಾರದ್ದು, ಆಸ್ತಿ ಸ್ಥಳೀಯ ಸಂಸ್ಥೆಯದು, ಕಂಪನಿಗೆ ನಿಗದಿತ ಶುಲ್ಕದ ಜೊತೆಗೆ ಗುರಿ ಸಾಧನೆಗೆ ತಕ್ಕ ಹಣ.

ಹಳೆಯ ಜಾಲವನ್ನು ದುರಸ್ತಿ ಮಾಡುವ ಬದಲು ಬಹುಮಟ್ಟಿಗೆ ಹೊಸದನ್ನೇ ಹಾಕಲಾಯಿತು. ಪ್ರತಿ ಮನೆಗೂ ಮೀಟರ್ ಬಂತು. ಬಳಕೆ ಹೆಚ್ಚಿದಂತೆ ದರವೂ ಏರುವ ಶ್ರೇಣೀಕೃತ ದರಪದ್ಧತಿ ಜಾರಿಗೆ ಬಂತು. ಈ ವಲಯಗಳಲ್ಲಿ 2008ರ ಹೊತ್ತಿಗೆ ಹಗಲಿರುಳು ನೀರು ಹರಿಯತೊಡಗಿತು. ಅದೇ ನಗರದ ಉಳಿದ ವಾರ್ಡುಗಳಲ್ಲಿ ಆಗ ಹಲವು ದಿನಗಳಿಗೊಮ್ಮೆ ಕೆಲವೇ ಗಂಟೆ ನೀರು ಬರುತ್ತಿತ್ತು. ಭಾರತದ ದೊಡ್ಡ ನಗರಗಳಲ್ಲಿ ನಿರಂತರ ನೀರು ಅಸಾಧ್ಯವೆಂಬ ನಂಬಿಕೆ ಇದರಿಂದ ಸಡಿಲಗೊಂಡು, ಬೇರೆ ರಾಜ್ಯಗಳ ಅಧಿಕಾರಿಗಳು ಹುಬ್ಬಳ್ಳಿ–ಧಾರವಾಡಕ್ಕೆ ಬಂದು ನೋಡಿಹೋದರು. ನಾಗ್ಪುರವು ಮುಂದೆ ಇಡೀ ನಗರದ ನೀರನ್ನು 25 ವರ್ಷಗಳ ಗುತ್ತಿಗೆಗೆ ಕೊಟ್ಟಾಗ ಅದರಲ್ಲಿಯೂ ವಿಯೋಲಿಯಾ ಪಾಲುದಾರನಾಗಿತ್ತು.

ಫಲಿತಾಂಶಗಳ ಅಧ್ಯಯನ

ಒಂದೇ ನಗರದಲ್ಲಿ ಎರಡು ಬಗೆಯ ಪೂರೈಕೆ ಅಕ್ಕಪಕ್ಕದಲ್ಲಿ ಇದ್ದುದು ಸಂಶೋಧಕರಿಗೆ ಅಪರೂಪದ ಅವಕಾಶವಾಯಿತು. ಅಮೆರಿಕದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು ಹುಬ್ಬಳ್ಳಿ–ಧಾರವಾಡದಲ್ಲಿ ನೀರಿನ ಮಾದರಿಗಳನ್ನು ಸಂಗ್ರಹಿಸಿ ಹೋಲಿಸಿತು. 2013ರಲ್ಲಿ ಪ್ರಕಟವಾದ ಅದರ ವರದಿಯಂತೆ, ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳ ನಲ್ಲಿ ಮಾದರಿಗಳಲ್ಲಿ ಶೇ. 31.7ರಷ್ಟರಲ್ಲಿ ಮಲಮಾಲಿನ್ಯವನ್ನು ಸೂಚಿಸುವ ಇ. ಕೋಲಿ ಬ್ಯಾಕ್ಟೀರಿಯಾ ಕಂಡುಬಂತು. ನಿರಂತರ ಪೂರೈಕೆಯ ವಾರ್ಡುಗಳಲ್ಲಿ ಈ ಪ್ರಮಾಣ ಶೇ. 0.7 ಮಾತ್ರ. ಕೊಳವೆಯ ಒತ್ತಡದ ಕುರಿತ ವಾದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ಆದರೆ ನಲ್ಲಿಯಿಂದ ಲೋಟದವರೆಗಿನ ದಾರಿ ಬೇರೆಯೇ. ನಿರಂತರ ಪೂರೈಕೆಯ ಮನೆಗಳಲ್ಲಿಯೂ ಜನ ಕುಡಿಯುವ ನೀರನ್ನು ತುಂಬಿಡುವುದನ್ನು ಬಿಡಲಿಲ್ಲ, ಆ ಸಂಗ್ರಹದ ನೀರು ಮತ್ತೆ ಮಲಿನವಾಗುತ್ತಿತ್ತು. ವರ್ಷಗಟ್ಟಲೆ ನೀರಿಗಾಗಿ ಕಾದವರು ನಲ್ಲಿಯನ್ನು ಒಮ್ಮೆಗೇ ನಂಬಲಿಲ್ಲವೆಂದರೆ ಆಶ್ಚರ್ಯವಿಲ್ಲ. 2015ರಲ್ಲಿ ಇದೇ ಯೋಜನೆಯ ಆರೋಗ್ಯ ಪರಿಣಾಮಗಳ ಅಧ್ಯಯನವು ಪ್ಲಾಸ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಐದು ವರ್ಷದೊಳಗಿನ ಮಕ್ಕಳಲ್ಲಿ ಭೇದಿಯ ಒಟ್ಟಾರೆ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ನಿರಂತರ ಪೂರೈಕೆಯ ಮನೆಗಳಲ್ಲಿ ಟೈಫಾಯ್ಡ್ ಕಡಿಮೆಯಿತ್ತು, ಬಡ ಕುಟುಂಬಗಳ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆಯಿತ್ತು.

ಎರಡೂ ಅಧ್ಯಯನಗಳು ಹೋಲಿಸಿದ್ದು ನಿರಂತರ ಪೂರೈಕೆಯನ್ನೂ ಬಿಡುವಿನ ಪೂರೈಕೆಯನ್ನೂ. ಖಾಸಗಿ ನಿರ್ವಹಣೆಯನ್ನು ಸರ್ಕಾರಿ ನಿರ್ವಹಣೆಯೊಡನೆ ಅಲ್ಲ. ಹೊಸ ಕೊಳವೆ, ಸಾಕಷ್ಟು ನೀರು ಮತ್ತು ನಿಗದಿತ ಹಣ ದೊರೆತಿದ್ದರೆ ಜಲಮಂಡಳಿಯೇ ಈ ಕೆಲಸವನ್ನು ಮಾಡಬಹುದಿತ್ತೇ ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿಲ್ಲ. ಚರ್ಚೆಗಳಲ್ಲಿ ಇವೆರಡನ್ನೂ ಒಂದೆಂದು ಭಾವಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು.

ಟೀಕೆಗಳು

ಪ್ರಾತ್ಯಕ್ಷಿಕೆ ವಲಯಗಳಲ್ಲಿ ಸಾರ್ವಜನಿಕ ನಲ್ಲಿಗಳನ್ನು ತೆಗೆದು ಮನೆಮನೆಗೆ ಸಂಪರ್ಕ ಕೊಡಲಾಯಿತು. ಸ್ವಂತ ಸಂಪರ್ಕ ಪಡೆದ ಬಡ ಕುಟುಂಬಕ್ಕೆ ಇದು ಲಾಭವೇ. ಬಾಡಿಗೆಗೆ ಇದ್ದವರಿಗೆ, ಹಕ್ಕುಪತ್ರವಿಲ್ಲದ ಗುಡಿಸಲಿನವರಿಗೆ, ವಲಯದ ಹೊರಗಿನಿಂದ ಕೊಡ ಹಿಡಿದು ಬರುತ್ತಿದ್ದವರಿಗೆ ಮಾತ್ರ ಬೀದಿನಲ್ಲಿ ಒಂದೇ ಆಸರೆಯಾಗಿತ್ತು. ಜೊತೆಗೆ, ಒಂದೇ ಮೀಟರ್ ಹಂಚಿಕೊಳ್ಳುವ ಹಲವು ಕುಟುಂಬಗಳ ಒಟ್ಟು ಬಳಕೆಯು ಏರುದರದ ಮೇಲಿನ ಹಂತವನ್ನು ತಲುಪುವುದರಿಂದ, ವಠಾರದವರು ಬಂಗಲೆಯವರ ದರವನ್ನೇ ತೆರಬೇಕಾಗುವ ವೈಪರೀತ್ಯವೂ ಈ ದರಪದ್ಧತಿಯಲ್ಲಿ ಅಡಗಿದೆ.

ಎರಡನೆಯ ಟೀಕೆ ಮೂಲದ ಕುರಿತಾದುದು. ಧಾರವಾಡ ಹಾಗೂ ಹುಬ್ಬಳ್ಳಿಯ ನೀರಿನ ಮುಖ್ಯ ಮೂಲ ಸವದತ್ತಿ ಬಳಿಯ ಮಲಪ್ರಭಾ ಜಲಾಶಯ. ಹುಬ್ಬಳ್ಳಿಗೆ ನೀರಸಾಗರ ಕೆರೆಯೂ ಇದೆ, ಮಳೆ ಕೈಕೊಟ್ಟ ವರ್ಷ ಅದು ಬತ್ತುತ್ತದೆ. ನಗರದ ಹತ್ತನೆಯ ಒಂದು ಭಾಗಕ್ಕೆ ಸದಾ ನೀರು ಖಾತರಿಪಡಿಸುವುದು, ಕೊರತೆಯ ಭಾರವನ್ನು ಉಳಿದ ಒಂಬತ್ತು ಭಾಗದ ಮೇಲೆ ಹಾಕಿದರೂ ಸಾಧ್ಯ. ಇಡೀ ನಗರಕ್ಕೆ ಅದೇ ಖಾತರಿ ಕೊಡಬೇಕಾದಾಗ ಭಾರವನ್ನು ವರ್ಗಾಯಿಸಲು ಯಾರೂ ಉಳಿಯುವುದಿಲ್ಲ. ಒಪ್ಪಂದದಲ್ಲಿ ಸಗಟು ನೀರು ಒದಗಿಸುವ ಹೊಣೆ ಸರ್ಕಾರದ ಕಡೆಗೇ ಇದ್ದುದರಿಂದ, ಜಲಾಶಯ ಬರಿದಾದರೆ ಅದು ಕಂಪನಿಯ ವೈಫಲ್ಯವೆನಿಸುವುದಿಲ್ಲ.

2016ರಲ್ಲಿ ವಿಶ್ವಬ್ಯಾಂಕ್ 10 ಕೋಟಿ ಡಾಲರ್ ಸಾಲವನ್ನು ಮಂಜೂರು ಮಾಡಿ ಎರಡನೆಯ ಹಂತಕ್ಕೆ ದಾರಿ ಮಾಡಿತು. ಇದರಲ್ಲಿ ಹಗಲಿರುಳು ಪೂರೈಕೆಯನ್ನು ವಲಯಗಳಿಂದ ಇಡೀ ನಗರಕ್ಕೆ ವಿಸ್ತರಿಸುವ ಗುರಿ ಇರಿಸಲಾಯಿತು. ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿ ಮೂರರ ಗುತ್ತಿಗೆಯೂ ಎಲ್ ಅಂಡ್ ಟಿ ಕಂಪನಿಗೆ ದೊರೆಯಿತು. ಜಾಲ ನಿರ್ಮಾಣದ ಜೊತೆಗೆ ವರ್ಷಗಳ ಕಾಲದ ನಿರ್ವಹಣೆಯೂ ಇದರಲ್ಲಿ ಸೇರಿದೆ. ಹುಬ್ಬಳ್ಳಿ–ಧಾರವಾಡದಲ್ಲಿ ಜಲಮಂಡಳಿಯಿಂದ ನಿರ್ವಹಣೆ ಕೈಬದಲಾದಾಗ ಮಂಡಳಿಯಲ್ಲಿ ದುಡಿಯುತ್ತಿದ್ದ ಗುತ್ತಿಗೆ ನೌಕರರು ಕೆಲಸ ಮತ್ತು ಬಾಕಿ ವೇತನಕ್ಕಾಗಿ ಧರಣಿ ನಡೆಸಿದರು. ಯಾವ ಬೀದಿಯ ಕೆಳಗೆ ಯಾವ ಕೊಳವೆ ಇದೆ, ಯಾವ ಕವಾಟವನ್ನು ಎಷ್ಟು ಸುತ್ತು ತಿರುಗಿಸಬೇಕು ಎಂಬ ತಿಳಿವಳಿಕೆ ಬಹುಪಾಲು ಇಂತಹ ನೌಕರರ ನೆನಪಿನಲ್ಲಿ ಮಾತ್ರ ಇರುವುದು ನಕ್ಷೆಗಳಿಲ್ಲದ ಹಳೆಯ ಜಾಲಗಳ ವಾಸ್ತವ.

ಮೈಸೂರು ಮತ್ತು ಬೆಂಗಳೂರು

ಮೈಸೂರಿನಲ್ಲಿ ನೆಹರೂ ನಗರ ನವೀಕರಣ ಯೋಜನೆಯಡಿ 2008ರಲ್ಲಿ ಟಾಟಾ ಸಮೂಹದ ಜಸ್ಕೋ ಕಂಪನಿಗೆ ವಿತರಣಾ ಜಾಲದ ಪುನರ್ನಿರ್ಮಾಣ ಹಾಗೂ ನಿರ್ವಹಣೆಯನ್ನು ವಹಿಸಲಾಯಿತು. ವಾಣಿವಿಲಾಸ ನೀರು ಸರಬರಾಜು ಕೇಂದ್ರದ ನೌಕರರು ಮತ್ತು ನಾಗರಿಕ ಸಂಘಟನೆಗಳು ಇದನ್ನು ವಿರೋಧಿಸಿದವು. ಕಾಮಗಾರಿ ವಿಳಂಬವಾಗಿ ಪಾಲಿಕೆಗೂ ಕಂಪನಿಗೂ ದಂಡದ ವಿಷಯದಲ್ಲಿ ತಕರಾರು ಬೆಳೆಯಿತು. ಅವಧಿ ಮುಗಿದ ಮೇಲೆ ಪಾಲಿಕೆಯೇ ಮತ್ತೆ ಹೊಣೆ ಹೊತ್ತುಕೊಂಡಿತು. ಬೆಂಗಳೂರಿನ ಹೊರವಲಯದ ಅಂದಿನ ಎಂಟು ಸ್ಥಳೀಯ ಸಂಸ್ಥೆಗಳಿಗೆ ಕಾವೇರಿ ನೀರು ತರುವ ಬೃಹತ್ ಬೆಂಗಳೂರು ನೀರು ಸರಬರಾಜು ಯೋಜನೆಯಲ್ಲಿ ನಿವಾಸಿಗಳಿಂದ ಮುಂಗಡ ವಂತಿಗೆ ಪಡೆಯಲಾಯಿತು. ಹಣ ಕಟ್ಟಿ ವರ್ಷಗಳಾದರೂ ನೀರು ಬಾರದಿದ್ದಾಗ ಅಸಮಾಧಾನ ಹೆಚ್ಚಿತು, ಖಾಸಗಿ ನಿರ್ವಾಹಕನನ್ನು ತರುವ ಆಲೋಚನೆಯನ್ನು ವಿರೋಧದ ನಡುವೆ ಕೈಬಿಡಲಾಯಿತು.

ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ

ಮೇಲಿನ ನಗರಗಳ ಮಾದರಿಯನ್ನು ಸಣ್ಣ ಪಟ್ಟಣಗಳಿಗೆ ಹೊಂದಿಸಲು ಹೊರಟರೆ ಎದುರಾಗುವ ತೊಡಕು ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕು ಕೇಂದ್ರಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸಿಂಧನೂರಿನಲ್ಲಿ ನಗರಸಭೆ, ಲಿಂಗಸುಗೂರು ಮತ್ತು ಮಸ್ಕಿಯಲ್ಲಿ ಪುರಸಭೆಗಳು ನೀರಿನ ಹೊಣೆ ಹೊತ್ತಿವೆ. 2011ರ ಜನಗಣತಿಯಲ್ಲಿ ಸುಮಾರು 75 ಸಾವಿರ ಜನಸಂಖ್ಯೆಯಿದ್ದ ಸಿಂಧನೂರು ಈ ಮೂರರಲ್ಲಿ ದೊಡ್ಡದು. ಮಸ್ಕಿ ಮೊದಲು ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದು, ನಂತರ ಪ್ರತ್ಯೇಕ ತಾಲ್ಲೂಕಾಯಿತು.

ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿದೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ನಾರಾಯಣಪುರ ಬಲದಂಡೆ ಕಾಲುವೆ ಹರಿಯುತ್ತದೆ. ಕಾಲುವೆಗಳು ಮೂಲತಃ ಬೆಳೆಗಾಗಿ ತೋಡಿದವು. ಅವು ವರ್ಷವಿಡೀ ಹರಿಯುವುದಿಲ್ಲ. ನೀರು ಇರುವ ತಿಂಗಳುಗಳಲ್ಲಿ ಸಂಗ್ರಹ ಕೆರೆಯನ್ನು ತುಂಬಿಸಿಕೊಂಡು, ಕಾಲುವೆ ನಿಂತ ಬಳಿಕ ಮುಂದಿನ ಮಳೆಗಾಲದವರೆಗೆ ಅದರಲ್ಲಿಯೇ ಕಾಲ ಕಳೆಯುವುದು ಕಾಲುವೆ ನಂಬಿದ ಪಟ್ಟಣಗಳ ಪಾಡು. ಬೇಸಿಗೆಯಲ್ಲಿ ಕುಡಿಯುವ ನೀರಿಗೆಂದು ಕಾಲುವೆಗೆ ನೀರು ಬಿಟ್ಟಾಗ ದಾರಿಯಲ್ಲಿ ಬೆಳೆಗೆ ತಿರುಗಿಸದಂತೆ ಕಾವಲು ಹಾಕಬೇಕಾಗುತ್ತದೆ. ಅಂತರ್ಜಲವನ್ನು ನೆಚ್ಚುವಂತಿಲ್ಲ, ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ.

ಇಂತಹ ಪಟ್ಟಣದಲ್ಲಿ ಸೋರಿಕೆ ತಡೆದು, ಮೀಟರ್ ಕೂರಿಸಿ, ಬಿಲ್ ವಸೂಲಿ ಸುಧಾರಿಸುವ ಕಂಪನಿಯಿಂದ ಉಪಯೋಗವಾದೀತು. ಆದರೆ ಕೆರೆ ಎಷ್ಟು ತುಂಬುತ್ತದೆ ಎಂಬುದು ಜಲಾಶಯದ ಮಟ್ಟ, ನೀರಾವರಿ ಸಲಹಾ ಸಮಿತಿಯ ನಿರ್ಣಯ ಹಾಗೂ ಮೇಲ್ಭಾಗದ ರೈತರ ಬಳಕೆಯನ್ನು ಅವಲಂಬಿಸಿದೆ. ಈ ಮೂರೂ ಯಾವ ಗುತ್ತಿಗೆದಾರನ ಹಿಡಿತದಲ್ಲಿಯೂ ಇಲ್ಲ. ಹೂಳು ತುಂಬಿದ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಮೂಲದ 133 ಟಿಎಂಸಿ ಅಡಿಯಿಂದ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಎಡದಂಡೆಯ ಊರುಗಳ ಜನ ಆತಂಕಗೊಂಡದ್ದು ಭತ್ತದ ಬೆಳೆಗಾಗಿ ಮಾತ್ರವಲ್ಲ.

ಸರ್ಕಾರಿ ನಿರ್ವಹಣೆಯೆಂದ ಮಾತ್ರಕ್ಕೆ ನೀರು ಸುರಕ್ಷಿತವೆಂದೇನೂ ಅಲ್ಲ. 2022ರ ಮೇ ಅಂತ್ಯದಲ್ಲಿ ಜಿಲ್ಲಾ ಕೇಂದ್ರ ರಾಯಚೂರಿನಲ್ಲಿ ನಗರಸಭೆ ಪೂರೈಸಿದ ಕಲುಷಿತ ನೀರು ಕುಡಿದು ಅನೇಕರು ಆಸ್ಪತ್ರೆ ಸೇರಿದರು, ಕೆಲವರು ಸಾವಿಗೀಡಾದರು. ರಾಂಪುರದ ಶುದ್ಧೀಕರಣ ಘಟಕವನ್ನು ಸ್ವಚ್ಛಗೊಳಿಸದೆ ಬಿಟ್ಟಿದ್ದು ಆಗ ಬೆಳಕಿಗೆ ಬಂತು.

ಕ್ಯಾನಿನ ನೀರು

ನಲ್ಲಿಯ ನೀರನ್ನು ಕುಡಿಯಲು ನಂಬದ ಜನರು ಹಣ ಕೊಟ್ಟು ನೀರು ಕೊಳ್ಳುತ್ತಾರೆ. 20 ಲೀಟರಿನ ಕ್ಯಾನು ಈಗ ದೊಡ್ಡ ನಗರಗಳಂತೆ ಸಣ್ಣ ಪಟ್ಟಣಗಳಲ್ಲಿಯೂ ಮನೆಬಳಕೆಯ ವಸ್ತು. ನಾಣ್ಯ ಹಾಕಿ ನೀರು ಪಡೆಯುವ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ಸರ್ಕಾರವೇ ಹಳ್ಳಿಹಳ್ಳಿಗಳಲ್ಲಿ ಸ್ಥಾಪಿಸಿದೆ, ಅವುಗಳಲ್ಲಿ ಅನೇಕವನ್ನು ನಡೆಸುವವರು ಖಾಸಗಿ ಗುತ್ತಿಗೆದಾರರು. ರಿವರ್ಸ್ ಆಸ್ಮೋಸಿಸ್ ವಿಧಾನದ ಈ ಘಟಕಗಳು ಫ್ಲೋರೈಡನ್ನು ತೆಗೆಯುತ್ತವೆ. ಜೊತೆಗೆ ಒಳಬಂದ ನೀರಿನ ಗಣನೀಯ ಭಾಗವನ್ನು ತ್ಯಾಜ್ಯವಾಗಿ ಹೊರಬಿಡುತ್ತವೆ. ಪೊರೆ ಬದಲಿಸದೆ ಕೆಟ್ಟು ನಿಂತ ಘಟಕಗಳ ಸುದ್ದಿ ಪ್ರತಿ ಬೇಸಿಗೆಯ ಪತ್ರಿಕೆಗಳಲ್ಲಿ ಕಾಣುತ್ತದೆ.

ಈ ಬಗೆಯ ಖಾಸಗೀಕರಣಕ್ಕೆ ಟೆಂಡರ್ ಇಲ್ಲ, ಸಾರ್ವಜನಿಕ ವಿಚಾರಣೆ ಇಲ್ಲ, ವಿರೋಧಿ ಆಂದೋಲನವೂ ಇಲ್ಲ. ಪ್ರತಿ ಲೀಟರಿನ ಲೆಕ್ಕದಲ್ಲಿ ಇದು ನಲ್ಲಿ ನೀರಿಗಿಂತ ಅನೇಕ ಪಟ್ಟು ದುಬಾರಿ. ಬೆಂಗಳೂರಿನಲ್ಲಿ 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ದರ ಗಗನಕ್ಕೇರಿದಾಗ ಜಿಲ್ಲಾಡಳಿತವು ಮಾರ್ಚ್ ತಿಂಗಳಲ್ಲಿ ದರ ನಿಗದಿ ಮಾಡಬೇಕಾಯಿತು.

ಕಾನೂನಿನ ನೆಲೆ

ನೀರಿನ ಹಕ್ಕನ್ನು ಭಾರತದ ಸಂವಿಧಾನ ಹೆಸರಿಸಿ ಹೇಳುವುದಿಲ್ಲ. 1991ರ ಸುಭಾಷ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾಲಿನ್ಯರಹಿತ ನೀರು ಮತ್ತು ಗಾಳಿಯನ್ನು ಅನುಭವಿಸುವ ಹಕ್ಕು 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆ ಎಂದಿತು. ವಿಶ್ವಸಂಸ್ಥೆಯ ಮಹಾಸಭೆ 2010ರ ಜುಲೈ 28ರಂದು ಸುರಕ್ಷಿತ ಕುಡಿಯುವ ನೀರು ಹಾಗೂ ನೈರ್ಮಲ್ಯವನ್ನು ಮಾನವ ಹಕ್ಕೆಂದು ಅಂಗೀಕರಿಸಿತು. ಈ ನಿರ್ಣಯವು ಖಾಸಗಿ ನಿರ್ವಹಣೆಯನ್ನು ನಿಷೇಧಿಸುವುದಿಲ್ಲ. ಪ್ಯಾರಿಸ್ ನಗರವು ಅದೇ ವರ್ಷ ವಿಯೋಲಿಯಾ ಮತ್ತು ಸ್ಯುಯೆಜ್ ಕಂಪನಿಗಳ ಗುತ್ತಿಗೆ ಮುಗಿದ ಮೇಲೆ ಅವನ್ನು ನವೀಕರಿಸದೆ ನೀರಿನ ಸೇವೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ಕರ್ನಾಟಕದಲ್ಲಿ ಕಂಪನಿ ನಡೆಸುವ ಜಾಲದಲ್ಲಿಯೂ ಪಾಲಿಕೆಯ ಶಾಸನಬದ್ಧ ಹೊಣೆ ಹಾಗೆಯೇ ಉಳಿಯುತ್ತದೆ. ನೀರು ಬಾರದ ವಾರ್ಡಿನ ಜನ ಖಾಲಿ ಕೊಡ ಹಿಡಿದು ಪ್ರತಿಭಟನೆಗೆ ಹೋಗುವುದು ಇಂದಿಗೂ ಪಾಲಿಕೆ ಸದಸ್ಯರ ಮನೆಯ ಮುಂದೆ ಮತ್ತು ಪಾಲಿಕೆ ಕಚೇರಿಗೆ.